ದಂಡಿನಿಂದ ಬಂದ ಫಟಫಟಿಗಳು



ಈ ತಿಂಗಳ ಅಂಕಣಕ್ಕೆ ವಿಷಯವನ್ನು ಒದಗಿಸಿದವರು ಹನುಮಸಾಗರದ ಕಡೆಯ ತಾಯಿಯವರೊಬ್ಬರು. ಅವರ ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಸಂಬಳ ಚೆನ್ನಾಗಿದೆ, ದುಶ್ಚಟಗಳು ಯಾವುವೂ ಇಲ್ಲ. ಆದರೆ ಹಳೆಯ ಮಿಲಿಟರಿ ಮೋಟಾರು ಸೈಕಲ್ಲುಗಳನ್ನು ಕೂಡಿಹಾಕುವ ಗೀಳು ಹತ್ತಿದೆ. ಒಂದು ಗಾಡಿ ಈಗಾಗಲೇ ಊರಿನ ಮನೆಯ ದನದ ಕೊಟ್ಟಿಗೆಯಲ್ಲಿ ಬಂದು ನಿಂತಿದೆ. ಈಗ ಇನ್ನೊಂದರ ಮಾತು ನಡೆದಿದೆ. ಸೈನ್ಯದ ಅಧಿಕಾರಿಯೊಬ್ಬರಿಗೆ ದೂರದ ಊರಿಗೆ ವರ್ಗವಾಗಿದೆಯಂತೆ, ತಮ್ಮ ಗಾಡಿಯನ್ನು ಕಡಿಮೆ ಬೆಲೆಗೆ ಕೊಡುತ್ತಾರಂತೆ, ಮುಂಗಡವನ್ನು ಮೊಬೈಲಿನಲ್ಲಿಯೇ ಕಳಿಸಬೇಕಂತೆ. ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಸ್ವಲ್ಪವನ್ನು ಕೈಗಡವಾಗಿ ಕೊಡು ಎಂದು ಮಗ ಕೇಳುತ್ತಿದ್ದಾನೆ. "ಗುಜರಿಗೆ ಹಾಕುವ ಕಬ್ಬಿಣಕ್ಕೆ ಇಷ್ಟು ಹಣ ಸುರಿಯುವುದು ಯಾವ ಜಾಣತನ? ಇದು ಹವ್ಯಾಸವೋ ಹುಚ್ಚೋ ನೀವೇ ತಿಳಿಸಿರಿ" ಎಂದು ಆ ತಾಯಿಯವರು ಕೇಳಿದ್ದಾರೆ.

ಹಣದ ಪ್ರಶ್ನೆಗೆ ಉತ್ತರವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು: ಕಳಿಸಬೇಡಿರಿ. ಕಾರಣವನ್ನು ಮುಂದೆ ವಿವರಿಸುತ್ತೇನೆ. ಹವ್ಯಾಸವೋ ಹುಚ್ಚೋ ಎಂಬ ಪ್ರಶ್ನೆಯನ್ನು ಮಾತ್ರ ಅಷ್ಟು ಸುಲಭವಾಗಿ ಬಗೆಹರಿಸಲಾಗದು. ಏಕೆಂದರೆ ದಂಡಿನಿಂದ ಬಂದ ಈ ಫಟಫಟಿಗಳ ಹಿಂದೆ ಒಂದು ಶತಮಾನದ ಕಥೆ ಇದೆ. ಆ ಕಥೆಯನ್ನು ಅರಿಯದೆ ಗಾಡಿಯನ್ನು ಗುಜರಿ ಎನ್ನುವುದೂ ಸರಿಯಲ್ಲ, ಅರಿಯದೆ ಲಕ್ಷಗಟ್ಟಲೆ ಕೊಟ್ಟು ತರುವುದೂ ಸರಿಯಲ್ಲ.

ಮೊದಲ ಮಹಾಯುದ್ಧದವರೆಗೆ ದಂಡಿನ ಸುದ್ದಿ ಸಾಗುತ್ತಿದ್ದುದು ಹೆಚ್ಚಾಗಿ ಕುದುರೆಯ ಬೆನ್ನಿನ ಮೇಲೆ. ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯವರು ಜೋಧಪುರದ ಸವಾರರೊಡನೆ ಕೂಡಿ ಹೈಫಾ ಪಟ್ಟಣವನ್ನು ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು, ಕುದುರೆಗಳ ಮೇಲೆಯೇ. ಆದರೆ ಅದೇ ಯುದ್ಧದಲ್ಲಿ ಇನ್ನೊಂದು ವಾಹನವೂ ಕಣಕ್ಕಿಳಿದಿತ್ತು. ಇಂಗ್ಲೆಂಡಿನ ಟ್ರಯಂಫ್ ಕಂಪನಿಯು 1915ರಲ್ಲಿ ಹೊರತಂದ 550 ಸಿ.ಸಿ.ಯ 'ಮಾಡೆಲ್ ಎಚ್' ಮೋಟಾರು ಸೈಕಲ್ಲು ಸುಮಾರು 30,000ದಷ್ಟು ಸಂಖ್ಯೆಯಲ್ಲಿ ಮಿತ್ರಪಕ್ಷಗಳ ಸೇನೆಗೆ ಸರಬರಾಜಾಯಿತು. ನಂಬಿಕೆಗೆ ಯೋಗ್ಯವಾದದ್ದು ಎಂಬ ಅರ್ಥದಲ್ಲಿ ಸೈನಿಕರು ಅದನ್ನು 'ಟ್ರಸ್ಟಿ' ಎಂದು ಕರೆದರು. ಕುದುರೆಗೆ ಮೇವು, ನೀರು, ವಿಶ್ರಾಂತಿಗಳು ಬೇಕು. ಫಟಫಟಿಗೆ ಪೆಟ್ರೋಲು ಮತ್ತು ಒಂದು ಪಾನಾ ಇದ್ದರೆ ನಡೆದೀತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಸುದ್ದಿ ಒಯ್ಯುವ ಕೆಲಸದಿಂದ ಕುದುರೆ ಬಹುಮಟ್ಟಿಗೆ ಹಿಂದೆ ಸರಿದಿತ್ತು.

ಈ ಗಾಡಿಗಳನ್ನು ಓಡಿಸುತ್ತಿದ್ದವರನ್ನು 'ಡಿಸ್ಪ್ಯಾಚ್ ರೈಡರ್' ಎನ್ನುತ್ತಿದ್ದರು. ನಿಸ್ತಂತು ಸಂದೇಶವನ್ನು ಶತ್ರುವು ಕದ್ದು ಕೇಳಬಹುದು, ತಂತಿಯನ್ನು ಕತ್ತರಿಸಬಹುದು. ಮೊಹರು ಮಾಡಿದ ಲಕೋಟೆಯನ್ನು ಚೀಲದಲ್ಲಿಟ್ಟುಕೊಂಡು ರಾತ್ರಿಯ ಕತ್ತಲೆಯಲ್ಲಿ, ಮಳೆಯಲ್ಲಿ, ಬಾಂಬಿನಿಂದ ಕಿತ್ತುಹೋದ ರಸ್ತೆಯಲ್ಲಿ ಒಯ್ಯುವ ಸವಾರನಿಗೆ ಬದಲಿ ಇರಲಿಲ್ಲ. ಅವನಿಗೆ ಮರೆಯೂ ಇರಲಿಲ್ಲ, ಜೊತೆಯೂ ಇರಲಿಲ್ಲ. ಗಾಡಿ ಕೆಟ್ಟರೆ ತಾನೇ ಬಿಚ್ಚಿ ತಾನೇ ಜೋಡಿಸಬೇಕು. ಆದುದರಿಂದಲೇ ಸೈನ್ಯದವರು ವೇಗದ ಗಾಡಿಯನ್ನು ಕೇಳಲಿಲ್ಲ, ಕೆಡದ ಗಾಡಿಯನ್ನು ಕೇಳಿದರು.

ಇಂಗ್ಲೆಂಡಿನ ಕಾರ್ಖಾನೆಗಳು ಆ ಬೇಡಿಕೆಯನ್ನು ಪೂರೈಸಿದ ಪ್ರಮಾಣ ಬೆರಗು ಹುಟ್ಟಿಸುವಂಥದು. ಬಿ.ಎಸ್.ಎ. ಕಂಪನಿಯ 'ಎಂ 20' ಎಂಬ 500 ಸಿ.ಸಿ. ಮಾದರಿಯು ಸುಮಾರು 1,26,000ದಷ್ಟು ತಯಾರಾಯಿತು. ನಾರ್ಟನ್ '16 ಎಚ್' ಒಂದು ಲಕ್ಷದ ಆಸುಪಾಸು. ಮುಂದಿನ ಚಕ್ರಕ್ಕೆ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕು ಇದ್ದ ಮ್ಯಾಚ್‌ಲೆಸ್ 'ಜಿ 3 ಎಲ್' ಸುಮಾರು 80,000. ಅಮೆರಿಕದಿಂದ ಹಾರ್ಲಿ ಡೇವಿಡ್ಸನ್ 'ಡಬ್ಲ್ಯು.ಎಲ್.ಎ.' ಎಂಬ ಭಾರಿ ಗಾಡಿ ಬಂತು. ಜರ್ಮನಿಯಲ್ಲಿ ಬಿ.ಎಂ.ಡಬ್ಲ್ಯು. 'ಆರ್ 75' ಎಂಬುದು ಪಕ್ಕದ ತೊಟ್ಟಿಲಿನ ಚಕ್ರಕ್ಕೂ ಇಂಜಿನ್ನಿನ ಬಲ ಸಿಗುವಂತೆಯೂ ಹಿಂದಕ್ಕೆ ಚಲಿಸುವ ಗೇರು ಇರುವಂತೆಯೂ ರಚಿತವಾಗಿತ್ತು. ಇಷ್ಟು ಲಕ್ಷ ಗಾಡಿಗಳಿದ್ದ ಮೇಲೆ 'ವಿರಳ' ಎಂಬ ಮಾತೆಲ್ಲಿಂದ ಬಂತು ಎಂದು ಕೇಳಬಹುದು. ಯುದ್ಧದಲ್ಲಿ ಸುಟ್ಟವು, ಮುಳುಗಿದವು ಎಷ್ಟೋ. ಕೋವೆಂಟ್ರಿಯ ಟ್ರಯಂಫ್ ಕಾರ್ಖಾನೆಯಂತೂ 1940ರ ನವೆಂಬರ್ 14ರ ರಾತ್ರಿಯ ಬಾಂಬು ದಾಳಿಯಲ್ಲಿ ನಾಶವಾಯಿತು. ಯುದ್ಧ ಮುಗಿದ ಮೇಲೆ ಉಳಿದವುಗಳನ್ನು ಸರ್ಕಾರಗಳು ಲಿಲಾವು ಹಾಕಿದವು. ಕೊಂಡವರು ಹಾಲಿನ ಕ್ಯಾನು ಹೇರಿದರು, ಬಣ್ಣ ಬದಲಿಸಿದರು, ಕೆಟ್ಟಾಗ ಬಿಡಿಭಾಗಗಳಿಗಾಗಿ ಒಡೆದರು. ಹೀಗಾಗಿ ದಂಡಿನ ಸ್ಥಿತಿಯಲ್ಲಿಯೇ ಉಳಿದ ಗಾಡಿ ಇಂದು ಸಾವಿರದಲ್ಲಿ ಒಂದು ಸಿಕ್ಕರೆ ಪುಣ್ಯ.

ಸಂಗ್ರಾಹಕರ ಆಸಕ್ತಿ ಇರುವುದು ಇಲ್ಲಿಯೇ. ಯುದ್ಧಕಾಲದ ಗಾಡಿಯೊಂದನ್ನು ಓದಲು ಬಲ್ಲವರಿಗೆ ಅದು ಒಂದು ದಾಖಲೆಯ ಕಟ್ಟಿನಂತೆ. ಎಂ 20 ಗಾಡಿಗಳಲ್ಲಿ ಕೆಲವಕ್ಕೆ ಹ್ಯಾಂಡಲ್ಲಿನ ಹಿಡಿಕೆಗೆ ರಬ್ಬರು ಇರುವುದಿಲ್ಲ, ದಪ್ಪ ಕ್ಯಾನ್ವಾಸ್ ಬಟ್ಟೆ ಸುತ್ತಿರುತ್ತದೆ. ಕಾಲಿಡುವ ಮೆಟ್ಟು ಬರಿಯ ಕಬ್ಬಿಣದ್ದು. ಇದಕ್ಕೆ ಕಾರಣ ಬರ್ಮಿಂಗ್‌ಹ್ಯಾಮಿನಲ್ಲಿಲ್ಲ, ಮಲಯದಲ್ಲಿದೆ. 1942ರ ಆರಂಭದಲ್ಲಿ ಜಪಾನೀಯರು ಮಲಯವನ್ನೂ ಸಿಂಗಾಪುರವನ್ನೂ ವಶಪಡಿಸಿಕೊಂಡಾಗ ಅಲ್ಲಿನ ರಬ್ಬರು ತೋಟಗಳು ಕೈತಪ್ಪಿದವು, ಇಂಗ್ಲೆಂಡಿನಲ್ಲಿ ರಬ್ಬರಿಗೆ ಬರ ಬಂತು, ಟಯರಿಗೆ ಬೇಕಾದಷ್ಟನ್ನೇ ಉಳಿಸಿಕೊಂಡು ಹಿಡಿಕೆಗೆ ಬಟ್ಟೆ ಸುತ್ತಿದರು. ಕ್ಯಾನ್ವಾಸ್ ಹಿಡಿಕೆಯ ಗಾಡಿ ಕಂಡರೆ ಅದು ಆ ಬರಗಾಲದ ಮಗು ಎಂದು ತಿಳಿಯಬೇಕು. ಇನ್ನು ಕೆಲವು ಗಾಡಿಗಳ ಪೆಟ್ರೋಲ್ ಟಾಕಿಯ ಮೇಲೆ ಒಂದು ದೊಡ್ಡ ಡಬ್ಬಿ ಕುಳಿತಿರುತ್ತದೆ. ಅದು ಗಾಳಿಯನ್ನು ಸೋಸುವ 'ವೋಕ್ಸ್' ಫಿಲ್ಟರು. ಉತ್ತರ ಆಫ್ರಿಕದ ಮರಳುಗಾಡಿನ ಸೂಕ್ಷ್ಮ ಧೂಳು ಇಂಜಿನ್ನನ್ನು ತಿಂದುಹಾಕುತ್ತಿದ್ದುದರಿಂದ ಅದನ್ನು ಅಳವಡಿಸಲಾಯಿತು. ನಮ್ಮ ದೇಶದ 4ನೇ ಭಾರತೀಯ ಡಿವಿಜನ್ ಹೋರಾಡಿದ್ದು ಅದೇ ಮರಳಿನಲ್ಲಿ. ಮುಂದಿನ ದೀಪಕ್ಕೆ ಸಣ್ಣ ಸೀಳು ಮಾತ್ರ ಇರುವ ಮುಸುಕು ಹಾಕಿದ್ದರೆ ಅದು ವಿಮಾನದಾಳಿಯ ಭಯದಿಂದ. ಬ್ರಿಟಿಷ್ ಸೈನ್ಯದ ಮೋಟಾರು ಸೈಕಲ್ಲುಗಳ ಟಾಕಿಯ ಮೇಲೆ ಬರೆದಿರುತ್ತಿದ್ದ ಸಂಖ್ಯೆಯು 'ಸಿ' ಅಕ್ಷರದಿಂದ ಆರಂಭವಾಗುತ್ತಿತ್ತು. ಲಾರಿಗೆ 'ಎಲ್', ಟ್ಯಾಂಕಿಗೆ 'ಟಿ'. ಹಳೆಯ ಬಣ್ಣದ ಪದರುಗಳನ್ನು ಜಾಣತನದಿಂದ ಉಜ್ಜಿ ನೋಡಿದರೆ ಎಂಟು ದಶಕಗಳ ಕೆಳಗಿನ ಆ ಅಂಕಿಗಳು ಕೆಲವೊಮ್ಮೆ ಮೆಲ್ಲನೆ ತೋರಿಬರುವುದುಂಟು. ಹೀಗೆ ತೋರಿದ ಗಾಡಿಯನ್ನು ಹೊಳೆಹೊಳೆಯುವ ಹೊಸ ಬಣ್ಣದಲ್ಲಿ ಮುಳುಗಿಸುವವರನ್ನು ಕಂಡರೆ ನನಗೆ ಹಳೆಯ ಶಾಸನಕ್ಕೆ ಸುಣ್ಣ ಬಳಿಯುವವರ ನೆನಪಾಗುತ್ತದೆ.

ಇಂಜಿನ್ನಿನ ವಿಷಯದಲ್ಲಿ ನಮ್ಮ ರೈತರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಬಾವಿಯ ದಂಡೆಯ ಮೇಲೆ ಹ್ಯಾಂಡಲ್ ತಿರುಗಿಸಿ ಡೀಸೆಲ್ ಪಂಪು ಚಾಲೂ ಮಾಡಿದವರಿಗೆ ಒಂಟಿ ಸಿಲಿಂಡರಿನ ಸ್ವಭಾವ ಗೊತ್ತು. ಮೊದಲು ಒತ್ತಡ ಬಿಡುವ ಸನ್ನೆಯನ್ನು ಎತ್ತಬೇಕು, ಗಾಲಿಗೆ ವೇಗ ಬಂದ ಮೇಲೆ ಬಿಡಬೇಕು. ಹಳೆಯ ಬುಲೆಟ್ಟಿನಲ್ಲಿಯೂ ಅದೇ ಸನ್ನೆ ಉಂಟು, ಜೊತೆಗೆ ಅಮ್ಮೀಟರಿನ ಮುಳ್ಳು ನಡುವೆ ಬಂದಾಗ ಕಿಕ್ ಹೊಡೆಯಬೇಕೆಂಬ ಗುಟ್ಟೂ ಉಂಟು. ಗುಟ್ಟು ತಪ್ಪಿದರೆ ಕಿಕ್ಕು ತಿರುಗಿ ಒದೆಯುತ್ತದೆ. ಕಣಕಾಲು ಬಾವು ಬಂದವರು ನಮ್ಮಲ್ಲಿ ಕಡಿಮೆ ಜನರಲ್ಲ. ಎಂ 20ಯಂಥ ಗಾಡಿಗಳಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುತ್ತವೆ, ಒತ್ತಡದ ಪ್ರಮಾಣ ಒಂದಕ್ಕೆ ಐದರಷ್ಟು ಮಾತ್ರ. ಅದರಿಂದ ಶಕ್ತಿ ಕಡಿಮೆ, ಕೇವಲ 13 ಅಶ್ವಶಕ್ತಿ. ಆದರೆ ಯುದ್ಧಕಾಲದ ಕೀಳು ಪೆಟ್ರೋಲನ್ನೂ ಕುಡಿದು ಅದು ದಿನವಿಡೀ ಓಡುತ್ತಿತ್ತು. ಕಿಡಿ ಹುಟ್ಟಿಸಲು ಮ್ಯಾಗ್ನೆಟೋ ಇದ್ದುದರಿಂದ ಬ್ಯಾಟರಿ ಸತ್ತರೂ ಗಾಡಿ ನಿಲ್ಲುತ್ತಿರಲಿಲ್ಲ.

ವಿರಳವಾದುವುಗಳಲ್ಲಿ ಅತಿ ವಿರಳವೆಂದರೆ ಆಕಾಶದಿಂದ ಇಳಿದ ಗಾಡಿಗಳು. ರಾಯಲ್ ಎನ್‌ಫೀಲ್ಡ್ ಕಂಪನಿ ತಯಾರಿಸಿದ 125 ಸಿ.ಸಿ.ಯ ಒಂದು ಪುಟ್ಟ ಗಾಡಿಯ ತೂಕ 59 ಕಿಲೋ ಮಾತ್ರ. ಕೊಳವೆಗಳ ಪಂಜರದಲ್ಲಿ ಅದನ್ನು ಕೂರಿಸಿ ಪ್ಯಾರಾಚೂಟಿನಲ್ಲಿ ಇಳಿಬಿಡುತ್ತಿದ್ದರು. ಸೈನಿಕರು ಇಟ್ಟ ಹೆಸರು 'ಫ್ಲೈಯಿಂಗ್ ಫ್ಲೀ', ಎಂದರೆ ಹಾರುವ ಚಿಗಟ. ಇದರ ಹುಟ್ಟಿನ ಕಥೆ ಇನ್ನೂ ಸ್ವಾರಸ್ಯಕರ. ಜರ್ಮನಿಯ ಡಿ.ಕೆ.ಡಬ್ಲ್ಯು. ಕಂಪನಿಯ ಚಿಕ್ಕ ಗಾಡಿಯನ್ನು ಹಾಲೆಂಡಿನಲ್ಲಿ ಮಾರುತ್ತಿದ್ದ ವ್ಯಾಪಾರ ಸಂಸ್ಥೆಯ ಆಡಳಿತದಲ್ಲಿ ಯಹೂದಿಗಳು ಇದ್ದರೆಂಬ ಕಾರಣಕ್ಕೆ ನಾಜಿ ಆಡಳಿತದ ಕಾಲದಲ್ಲಿ ಅವರ ಮಾರಾಟದ ಹಕ್ಕನ್ನು ಕಸಿದುಕೊಳ್ಳಲಾಯಿತು. ಆ ಸಂಸ್ಥೆಯವರು ಸುಮ್ಮನೆ ಕೂರದೆ ಇಂಗ್ಲೆಂಡಿಗೆ ಹೋಗಿ ಅಂಥದೇ ಗಾಡಿಯನ್ನು ಮಾಡಿಕೊಡಿರೆಂದು ಎನ್‌ಫೀಲ್ಡಿನವರನ್ನು ಕೇಳಿದರು. ಕೊನೆಗೆ ಅದೇ ಗಾಡಿ ಜರ್ಮನ್ನರ ವಿರುದ್ಧ ಆಕಾಶದಿಂದ ಇಳಿಯಿತು. ಅದಕ್ಕಿಂತಲೂ ಚಿಕ್ಕದು 'ವೆಲ್‌ಬೈಕ್': 98 ಸಿ.ಸಿ., 32 ಕಿಲೋ, ಮಡಚಿ ಉದ್ದನೆಯ ಡಬ್ಬಿಯಲ್ಲಿ ತುರುಕಬಹುದಾದದ್ದು. ತಯಾರಾದುವು 3,600ಕ್ಕೆ ಸ್ವಲ್ಪ ಮೇಲ್ಪಟ್ಟು ಮಾತ್ರ. ಪ್ಯಾರಾಚೂಟಿನಿಂದ ಇಳಿದು ಎಲ್ಲೆಂದರಲ್ಲಿ ಬಿದ್ದುಹೋದವೂ ಅವುಗಳಲ್ಲಿದ್ದುದರಿಂದ ಇಂದು ಒಂದು ಸಿಕ್ಕರೂ ಸಂಗ್ರಾಹಕರು ಅದನ್ನು ಮಗುವಿನಂತೆ ಜೋಪಾನ ಮಾಡುತ್ತಾರೆ. 'ಫ್ಲೈಯಿಂಗ್ ಫ್ಲೀ' ಎಂಬ ಹೆಸರನ್ನು ರಾಯಲ್ ಎನ್‌ಫೀಲ್ಡಿನವರು 2024ರಲ್ಲಿ ತಮ್ಮ ವಿದ್ಯುತ್ ಗಾಡಿಗೆ ಮತ್ತೆ ಇಟ್ಟುಕೊಂಡರು.

ಎನ್‌ಫೀಲ್ಡಿನ ಮಾತು ಬಂದ ಮೇಲೆ ಬುಲೆಟ್ಟಿನ ಮಾತನ್ನು ಆಡದೆ ಮುಂದುವರಿಯಲಾಗದು. ಇಂಗ್ಲೆಂಡಿನ ಎನ್‌ಫೀಲ್ಡ್ ಊರಿನಲ್ಲಿದ್ದ ಸರ್ಕಾರಿ ಬಂದೂಕು ಕಾರ್ಖಾನೆಗೆ ಬಿಡಿಭಾಗಗಳನ್ನು ಒದಗಿಸುವ ಗುತ್ತಿಗೆ ರೆಡ್ಡಿಚ್ ಊರಿನ ಸೈಕಲ್ ತಯಾರಕರಿಗೆ ಸಿಕ್ಕಿತು. ಆ ಸಂಭ್ರಮದಲ್ಲಿ 1890ರ ದಶಕದಲ್ಲಿ ತಮ್ಮ ಸೈಕಲ್ಲಿಗೆ ಅವರು ಇಟ್ಟುಕೊಂಡ ಹೆಸರೇ ರಾಯಲ್ ಎನ್‌ಫೀಲ್ಡ್. 'ಬಂದೂಕಿನಂತೆ ತಯಾರಾದದ್ದು' ಎಂಬುದು ಅವರ ಘೋಷವಾಕ್ಯ. ಬಿ.ಎಸ್.ಎ. ಎಂಬ ಮೂರಕ್ಷರವೂ ಬರ್ಮಿಂಗ್‌ಹ್ಯಾಮಿನ ಸಣ್ಣ ಶಸ್ತ್ರಾಸ್ತ್ರಗಳ ಕಂಪನಿ ಎಂಬುದರ ಸಂಕ್ಷೇಪವೇ. ಸ್ವಾತಂತ್ರ್ಯದ ನಂತರ ಗಡಿಯ ಕಾವಲಿಗೆ ಗಟ್ಟಿಮುಟ್ಟಾದ ಗಾಡಿ ಬೇಕೆಂದು ನಮ್ಮ ಸೇನೆಯು 350 ಸಿ.ಸಿ.ಯ ಬುಲೆಟ್ಟನ್ನು ಆರಿಸಿತು. ಬೇಡಿಕೆ ಬೆಳೆದುದರಿಂದ 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಯಿತು. ಆರಂಭದಲ್ಲಿ ಇಂಗ್ಲೆಂಡಿನಿಂದ ಬಂದ ಭಾಗಗಳನ್ನು ತಿರುವೊಟ್ಟಿಯೂರಿನ ಕಾರ್ಖಾನೆಯಲ್ಲಿ ಜೋಡಿಸುತ್ತಿದ್ದರು. 1962ರ ಹೊತ್ತಿಗೆ ಎಲ್ಲ ಭಾಗಗಳೂ ಇಲ್ಲಿಯೇ ತಯಾರಾಗತೊಡಗಿದವು. ರೆಡ್ಡಿಚ್ಚಿನ ಕಾರ್ಖಾನೆ 1967ರಲ್ಲಿ ಮುಚ್ಚಿತು. ಹೀಗೆ ತಾಯಿಬೇರು ಒಣಗಿದರೂ ಇಲ್ಲಿ ನೆಟ್ಟ ಟೊಂಗೆ ಮರವಾಯಿತು. ದಂಡಿಗೆಂದು ತಂದ ಗಾಡಿಯೇ ಒಂದು ಉದ್ಯಮವನ್ನು ನಮ್ಮ ನೆಲಕ್ಕೆ ತಂದಿತು. ಇದನ್ನು ನೆನೆದರೆ ಜರ್ಮನಿಯ ಬಿ.ಎಂ.ಡಬ್ಲ್ಯು. ಗಾಡಿಗಾಗಿ ಹಂಬಲಿಸುವ ನಮ್ಮ ಹುಡುಗರಿಗಿಂತ, ನಮ್ಮದೇ ಸೇನೆಯ 1950 ಹಾಗೂ 60ರ ದಶಕಗಳ ಬುಲೆಟ್ಟನ್ನು ಹುಡುಕುವವರ ವಿವೇಕ ನನಗೆ ಹೆಚ್ಚು ಮೆಚ್ಚುಗೆಯಾಗುತ್ತದೆ. ಸೇನೆಯಲ್ಲಿ ಸವೆಯುವವರೆಗೂ ದುಡಿಸಿ, ಭಾಗ ಬದಲಿಸಿ ಬದಲಿಸಿ ಓಡಿಸಿದುದರಿಂದ ಮೊದಲ ರೂಪದಲ್ಲಿ ಉಳಿದವು ತೀರ ಕಡಿಮೆ.

ನಮ್ಮ ಭಾಗದವರಿಗೆ ದಂಡಿನ ವಾಹನಗಳ ನೆನಪು ಬೇರೊಂದು ಬಗೆಯದು. ಕುಷ್ಟಗಿ, ಯಲಬುರ್ಗಾ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಪಕ್ಕದ ಇಳಕಲ್ಲು, ಗಜೇಂದ್ರಗಡ ಮುಂಬೈ ಪ್ರಾಂತಕ್ಕೆ ಸೇರಿದ್ದವು. ರಜಾಕಾರರ ಹಾವಳಿಯ ದಿನಗಳಲ್ಲಿ ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ ನಡೆದುದನ್ನು ಹಿರಿಯರಿಂದ ಕೇಳದವರಿಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿದಾಗ ಹೊಸಪೇಟೆಯ ಕಡೆಯಲ್ಲಿ 1ನೇ ಮೈಸೂರು ಪದಾತಿ ದಳದವರು ಅಲ್ಲಿನ ಸಕ್ಕರೆ ಕಾರ್ಖಾನೆಯನ್ನು ರಜಾಕಾರರಿಂದ ಬಿಡಿಸಿಕೊಂಡರು. ಆ ಕಾಲದ ಯಾವ ದಂಡಿನಲ್ಲಿಯೂ ಮುಂದಿನ ತುಕಡಿಗೂ ಹಿಂದಿನ ಠಾಣೆಗೂ ನಡುವೆ ಫಟಫಟಿ ಓಡಾಡದೆ ಇರುತ್ತಿರಲಿಲ್ಲ. ಯುದ್ಧಕಾಲದ ಆ ಗಾಡಿಗಳಲ್ಲಿ ಎಷ್ಟೋ ಮುಂದೆ ಲಿಲಾವಿನಲ್ಲಿ ನಾಗರಿಕರ ಕೈಸೇರಿದವು. ಅಂಥ ಒಂದು ಗಾಡಿ ಯಾರದೋ ಹಳೆಯ ವಾಡೆಯ ಮೂಲೆಯಲ್ಲಿ, ಹೊಟ್ಟಿನ ಚೀಲಗಳ ಹಿಂದೆ ಇಂದಿಗೂ ನಿಂತಿರುವುದು ಅಸಂಭವವಲ್ಲ.

ಮೈಸೂರಿನ ಜಾವಾ ಗಾಡಿಯೂ ಈ ಕಥೆಯ ಬಂಧುವೇ. ಚೆಕ್ ದೇಶದಲ್ಲಿ ಅದನ್ನು ಸ್ಥಾಪಿಸಿದ ಯಾನೆಚೆಕ್ ಎಂಬಾತ ಮೊದಲು ಶಸ್ತ್ರಾಸ್ತ್ರಗಳ ತಯಾರಕ. 'ವಾಂಡರರ್' ಎಂಬ ಕಂಪನಿಯ ಹೆಸರಿನೊಡನೆ ತನ್ನ ಹೆಸರನ್ನು ಬೆಸೆದು 'ಜಾವಾ' ಎಂದ. ಜರ್ಮನ್ನರು ಆ ದೇಶವನ್ನು ಆಕ್ರಮಿಸಿದ್ದ ಕಾಲದಲ್ಲಿ ಕಾರ್ಖಾನೆಯ ಶಿಲ್ಪಿಗಳು ಗುಟ್ಟಾಗಿ ರೂಪಿಸಿದ 250 ಸಿ.ಸಿ. ಗಾಡಿ 1946ರಲ್ಲಿ ಹೊರಬಂತು. ಆ ವಂಶದ ಗಾಡಿಗಳೇ 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿ, ಮುಂದೆ ಯೆಜ್ಡಿಯಾಗಿ ನಮ್ಮ ಸಂತೆ ಪೇಟೆಗಳಲ್ಲೆಲ್ಲ ಓಡಾಡಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅವು ದಂಡಿನ ಗಾಡಿಗಳಲ್ಲವಾದುದರಿಂದ ಇಷ್ಟಕ್ಕೇ ಬಿಡುತ್ತೇನೆ.

ಇನ್ನು ಮೋಸದ ವಿಷಯ. ಇದು ಎರಡು ಬಗೆಯದು.

ಮೊದಲನೆಯದು ಗಾಡಿಯೇ ನಕಲಿಯಾಗಿರುವುದು. ಜರ್ಮನಿಯ ಬಿ.ಎಂ.ಡಬ್ಲ್ಯು. 'ಆರ್ 71' ಗಾಡಿಯನ್ನು ನೋಡಿ ರಷ್ಯದವರು 1941ರಿಂದ 'ಎಂ 72' ತಯಾರಿಸಿದರು, ಅದರಿಂದ ಚೀನೀಯರೂ ತಮ್ಮದನ್ನು ಮಾಡಿಕೊಂಡರು. ಮೂರೂ ಅಣ್ಣತಮ್ಮಂದಿರಂತೆ ಕಾಣುವುದರಿಂದ ರಷ್ಯದ್ದಕ್ಕೆ ಬೂದು ಬಣ್ಣ ಬಳಿದು ಜರ್ಮನಿಯ ಮುದ್ರೆ ಹಚ್ಚಿ ಹತ್ತು ಪಟ್ಟು ಬೆಲೆ ಹೇಳುವ ವ್ಯಾಪಾರ ಜಗತ್ತಿನಾದ್ಯಂತ ನಡೆದಿದೆ. ನಮ್ಮಲ್ಲಿ ನಾಗರಿಕರ ಬುಲೆಟ್ಟಿಗೇ ಕ್ಯಾನ್ವಾಸ್ ಚೀಲ ತೂಗುಹಾಕಿ ಮಿಲಿಟರಿ ಬುಲೆಟ್ ಎನ್ನುವುದುಂಟು. ಪರೀಕ್ಷೆಯ ದಾರಿ ಒಂದೇ: ಚಾಸಿಯ ಮೇಲೂ ಇಂಜಿನ್ನಿನ ಮೇಲೂ ಒತ್ತಿದ ಸಂಖ್ಯೆಗಳನ್ನು ನೋಡುವುದು. ಯುದ್ಧಕಾಲದ ಎಂ 20 ಗಾಡಿಯ ಸಂಖ್ಯೆ 'ಡಬ್ಲ್ಯು.ಎಂ. 20' ಎಂದು ಆರಂಭವಾಗುತ್ತದೆ. ಅಕ್ಷರಗಳು ಹೊಸದಾಗಿ ಕೊರೆದಂತೆ ಚೂಪಾಗಿದ್ದರೆ, ಸುತ್ತಲಿನ ಕಬ್ಬಿಣ ಉಜ್ಜಿದಂತೆ ನುಣುಪಾಗಿದ್ದರೆ ಅಲ್ಲಿಂದ ಎದ್ದು ಬರುವುದು ಮೇಲು.

ಎರಡನೆಯದು ಗಾಡಿಯೇ ಇಲ್ಲದಿರುವುದು. ಸೈನಿಕನ ಸಮವಸ್ತ್ರದ ಭಾವಚಿತ್ರ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು, ಎಲ್ಲವನ್ನೂ ಮೊಬೈಲಿಗೆ ಕಳಿಸಿ, ವರ್ಗವಾಗಿದೆ ಎಂದು ಹೇಳಿ, ಗಾಡಿಯನ್ನು ಸೈನ್ಯದ ಲಾರಿಯಲ್ಲಿ ಕಳಿಸುವೆನೆಂದು ಸಾಗಣೆ ಖರ್ಚು, ವಿಮೆ, ಠೇವಣಿ ಎಂದು ಒಂದೊಂದಾಗಿ ಹಣ ಕೀಳುವ ವಂಚಕರ ಜಾಲ ದೇಶದಲ್ಲಿ ಹಲವು ವರ್ಷಗಳಿಂದ ನಡೆದಿದೆ. ಪೊಲೀಸರು ಇದರ ಬಗ್ಗೆ ಮೇಲಿಂದ ಮೇಲೆ ಎಚ್ಚರಿಕೆ ಕೊಟ್ಟಿದ್ದಾರೆ. ಸೈನಿಕನೆಂದರೆ ನಮ್ಮ ಜನರಿಗೆ ಇರುವ ಗೌರವವನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ. ಇದಕ್ಕಿಂತ ನೀಚವಾದ ಕಳ್ಳತನ ಇನ್ನಾವುದಿದೆ? ಪತ್ರ ಬರೆದ ತಾಯಿಯವರ ಮಗನಿಗೆ ಬಂದಿರುವ ಮಾತಿನ ಧಾಟಿ ಇದರದೇ ಪಡಿಯಚ್ಚು. ಆದುದರಿಂದಲೇ ಕಳಿಸಬೇಡಿರಿ ಎಂದೆ. ಗಾಡಿಯನ್ನು ಕಣ್ಣಾರೆ ನೋಡದೆ, ಕಾಗದವನ್ನು ಕೈಯಾರೆ ಹಿಡಿಯದೆ ಒಂದು ರೂಪಾಯಿಯೂ ಹೋಗಬಾರದು. ಈಗಾಗಲೇ ಹೋಗಿದ್ದರೆ ತಡಮಾಡದೆ 1930 ಎಂಬ ಸಹಾಯವಾಣಿಗೆ ಕರೆ ಮಾಡಬೇಕು.

ಸೇನೆಯಿಂದ ಬಂದ ನಿಜವಾದ ಗಾಡಿಗೆ ಕಾಗದದ ದಾರಿ ಸ್ಪಷ್ಟವಾಗಿದೆ. ಸೇನೆಯ ವಾಹನಗಳಿಗೆ ಮೇಲ್ಮುಖವಾದ ಬಾಣದ ಗುರುತಿನ ಪ್ರತ್ಯೇಕ ಸಂಖ್ಯೆ ಇರುತ್ತದೆ, ಅವುಗಳ ನೋಂದಣಿ ಆರ್.ಟಿ.ಓ. ಕಚೇರಿಯಲ್ಲಲ್ಲ. ಮೋಟಾರು ವಾಹನಗಳ ಕಾಯ್ದೆಯ 60ನೇ ಕಲಮಿನ ಪ್ರಕಾರ ರಕ್ಷಣಾ ಕೆಲಸದಿಂದ ಬಿಡುಗಡೆಯಾದ ವಾಹನಕ್ಕೆ ಎಲ್ಲರಂತೆ ಹೊಸದಾಗಿ ನೋಂದಣಿ ಆಗಬೇಕು. ಅದಕ್ಕೆ ಮಾರಾಟ ಮಾಡಿದ ಅಧಿಕಾರಿಗಳು ಕೊಟ್ಟ 'ಫಾರಂ 21' ಎಂಬ ಮೂಲ ಮಾರಾಟ ಪ್ರಮಾಣಪತ್ರ ಬೇಕೇ ಬೇಕು. ಅಧಿಕಾರಿಯೊಬ್ಬರು ಸೇನೆಯ ಗಾಡಿಯನ್ನು ತಮ್ಮದೆಂದು ಖಾಸಗಿಯಾಗಿ ಮಾರುವ ಪದ್ಧತಿ ಎಲ್ಲಿಯೂ ಇಲ್ಲ. ಬಳಕೆಗೆ ಬಾರದ ವಾಹನಗಳು ಲಿಲಾವಿನಲ್ಲಿ ಹೋಗುತ್ತವೆ. ಸರ್ಕಾರಿ ಸ್ವಾಮ್ಯದ ಎಂ.ಎಸ್.ಟಿ.ಸಿ. ಸಂಸ್ಥೆಯು ಇಂಥ ಲಿಲಾವುಗಳನ್ನು ನಡೆಸುತ್ತದೆ.

ಐವತ್ತು ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರವು 2021ರ ಜುಲೈ ತಿಂಗಳಿನಲ್ಲಿ ಪ್ರತ್ಯೇಕ ನಿಯಮ ತಂದಿದೆ. ಅಂಥವು 'ವಿಂಟೇಜ್' ವಾಹನಗಳು. ಚಾಸಿ, ಇಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ಮುಂದೆ 'ವಿ.ಎ.' ಎಂಬ ಅಕ್ಷರಗಳು. ಮೊದಲೇ ನೋಂದಣಿಯಾದ ಗಾಡಿಗೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಲು ಅವಕಾಶವಿದೆ. ಅಜ್ಜನ ಕಾಲದ 'ಎಂ.ವೈ.' ಅಕ್ಷರಗಳ ಫಲಕ ಇದ್ದವರು ಅದನ್ನು ಕಳೆದುಕೊಳ್ಳಬೇಕಾಗಿಲ್ಲ. ಆದರೆ ಈ ಗಾಡಿಗಳನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು, ಇಷ್ಟಕ್ಕೆ ಮಾತ್ರ ರಸ್ತೆಗಿಳಿಯಬಹುದು. ಹೊಲಕ್ಕೆ ಬುತ್ತಿ ಒಯ್ಯಲು ಬಾರದ ಗಾಡಿಗೆ ಇಪ್ಪತ್ತು ಸಾವಿರ ಏಕೆಂದು ಮನೆಯ ಹಿರಿಯರು ಕೇಳಿದರೆ ಉತ್ತರಕ್ಕೆ ಮಕ್ಕಳು ಸಿದ್ಧರಿರಬೇಕು.

ಬಣ್ಣದ ವಿಷಯದಲ್ಲಿ ಒಂದು ತಮಾಷೆಯ ತೊಡಕು ಇದೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳ 121ನೇ ನಿಯಮದಂತೆ ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರಾವ ವಾಹನಕ್ಕೂ ಆಲಿವ್ ಹಸಿರು ಬಣ್ಣವನ್ನು ಬಳಿಯುವಂತಿಲ್ಲ. ಸಂಗ್ರಾಹಕನ ಆಸೆಯೇ ಆ ಹಸಿರು, ಕಾನೂನಿನ ನಿಷೇಧವೂ ಅದೇ! 2018ರಲ್ಲಿ ರಾಯಲ್ ಎನ್‌ಫೀಲ್ಡಿನವರು ಹಾರುವ ಚಿಗಟದ ಸ್ಮರಣೆಗೆ 'ಪೆಗಾಸಸ್' ಎಂಬ ಗಾಡಿಯನ್ನು ಜಗತ್ತಿಗೆಲ್ಲ ಕೇವಲ 1,000 ಎಂದು ಹೊರತಂದರು. ಹೊರದೇಶಗಳಲ್ಲಿ ಹಸಿರು, ಕಂದು ಎರಡೂ ಬಣ್ಣಗಳಿದ್ದವು. ಭಾರತದ ಪಾಲಿನ 250 ಗಾಡಿಗಳು ಕಂದು ಬಣ್ಣದಲ್ಲಿ ಮಾತ್ರ ಬಂದು ಮೂರು ನಿಮಿಷದೊಳಗೆ ಖರ್ಚಾದವು. ಬ್ರಿಟಿಷ್ ಸೈನ್ಯದವರು ಯುದ್ಧದ ನಡುವಿನ ವರ್ಷಗಳಲ್ಲಿ ಕಂದು ಬಣ್ಣವನ್ನೇ ಬಳಸಿದ್ದುದರಿಂದ ಹಳೆಯ ಗಾಡಿಯ ಇತಿಹಾಸಕ್ಕೆ ಕಂದು ಹೊಂದುತ್ತದೆ, ಕಾನೂನಿಗೂ ಭಂಗವಿಲ್ಲ.

ಕೊಟ್ಟಿಗೆಯಲ್ಲಿ ಗಾಡಿ ನಿಂತಿರುವ ಮನೆಗಳಿಗೆ ಕೆಲವು ಮಾತು. ಮೊದಲು ಟಾಕಿಯಲ್ಲಿರುವ ಹಳೆಯ ಪೆಟ್ರೋಲನ್ನು ಪೂರ್ತಿ ಬಸಿದುಬಿಡಿರಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ಹಳೆಯ ಟಾಕಿಗೆ ತುಕ್ಕು ಹಿಡಿಸುತ್ತದೆ, ಹಳೆಯ ರಬ್ಬರು ಬಿರಡೆಗಳನ್ನು ಮೆತ್ತಗಾಗಿಸುತ್ತದೆ. ಜಾಮಾದ ಇಂಜಿನ್ನನ್ನು ಕಿಕ್ ಹೊಡೆದು ಬಲವಂತದಿಂದ ತಿರುಗಿಸಬಾರದು. ಪ್ಲಗ್ಗನ್ನು ಬಿಚ್ಚಿ ಆ ರಂಧ್ರದಿಂದ ಸ್ವಲ್ಪ ಎಣ್ಣೆ ಬಿಟ್ಟು ಕೆಲವು ದಿನ ಬಿಡಬೇಕು, ಅನಂತರ ಕೈಯಿಂದ ಮೆಲ್ಲನೆ ಅಲುಗಾಡಿಸಿ ನೋಡಬೇಕು. ಚಾಸಿ ಸಂಖ್ಯೆಯ ಮೇಲೆ ಉಜ್ಜುಕಾಗದ ತಾಗಲೇಬಾರದು. ಕಳಚಿದ ಪ್ರತಿ ಬೋಲ್ಟನ್ನೂ ಚೀಟಿ ಕಟ್ಟಿ ಇಡಬೇಕು. ಇಂಗ್ಲೆಂಡಿನ ಹಳೆಯ ಗಾಡಿಗಳ ಬೋಲ್ಟಿನ ಹಲ್ಲುಗಳು ಇಂದಿನ ಅಳತೆಯವಲ್ಲ, ಅಂಗಡಿಯಲ್ಲಿ ಸಿಗುವ ನಟ್ಟನ್ನು ಹಾಕಿ ಬಿಗಿದರೆ ಹಲ್ಲು ಸವೆದು ಹಾಳಾಗುತ್ತದೆ. ಇಂಥ ಕೆಲಸಕ್ಕೆ ಹಳೆಯ ಮಿಸ್ತ್ರಿಗಳೇ ಆಗಬೇಕು. ಲೇಥಿನ ಮೇಲೆ ಬುಶ್ ಕಡೆಯಬಲ್ಲವರು, ಮ್ಯಾಗ್ನೆಟೋ ಸುತ್ತಬಲ್ಲವರು ನಮ್ಮ ಪಟ್ಟಣಗಳಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ಅವರ ಕಾಯಕವನ್ನು ಕಲಿಯುವ ಹುಡುಗರು ಇಲ್ಲ. ಗಾಡಿ ಉಳಿದು ಆ ಕೈಗಳು ಹೋದರೆ ಗಾಡಿ ಬರಿಯ ಬೊಂಬೆಯಾಗುತ್ತದೆ. ನನ್ನ ಮಟ್ಟಿಗೆ ಈ ಹವ್ಯಾಸದ ದೊಡ್ಡ ಚಿಂತೆ ಅದು. ಹುಡುಗನಿಗೆ ಎರಡನೆಯ ಗಾಡಿ ಕೊಳ್ಳುವ ಬದಲು ಆ ಹಣದ ಒಂದಂಶದಲ್ಲಿ, ಇರುವ ಒಂದನ್ನು ಇಂಥ ಮಿಸ್ತ್ರಿಯೊಬ್ಬರ ಜೊತೆ ಕುಳಿತು ತಾನೇ ಕೈ ಮಸಿ ಮಾಡಿಕೊಂಡು ಚಾಲೂ ಮಾಡು ಎಂದು ಹೇಳಿರಿ. ಒಪ್ಪಿ ಕುಳಿತರೆ ಅದು ಹವ್ಯಾಸ. ಒಪ್ಪದೆ ಮೂರನೆಯದನ್ನು ಹುಡುಕಹೊರಟರೆ ತಾಯಿಯವರು ಆಡಿದ ಇನ್ನೊಂದು ಮಾತೇ ಸರಿ.

ಚಾಲೂ ಆದ ಮೇಲೆ ಒಂದು ಎಚ್ಚರಿಕೆ ಉಂಟು. ಈ ಗಾಡಿಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಇಂದಿನ ಗಾಡಿಗೆ ಒಗ್ಗಿದವನು ಅವಸರದಲ್ಲಿ ಬ್ರೇಕೆಂದು ಗೇರನ್ನು ಒತ್ತುತ್ತಾನೆ. ಊರ ಹೊರಗಿನ ಬಯಲಿನಲ್ಲಿ ಕಾಲಿಗೆ ಅಭ್ಯಾಸವಾಗುವವರೆಗೆ ಹೆದ್ದಾರಿಗೆ ಒಯ್ಯಬಾರದು.

ಕೊಳ್ಳದೆಯೂ ಕಣ್ತುಂಬ ನೋಡಲು ಸ್ಥಳಗಳಿವೆ. ಹಳೆಯ ವಾಹನಗಳ ಸಂಗ್ರಹವೆಂದರೆ ನಮ್ಮ ನಾಡಿನಲ್ಲಿ ಮೊದಲು ನೆನಪಾಗುವುದು ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರದು. ಧರ್ಮಸ್ಥಳದಲ್ಲಿ ಅವರ ಕಾರುಗಳ ಸಂಗ್ರಹಾಲಯವಿದೆ. 2023ರಲ್ಲಿ ಶ್ರೀರಂಗಪಟ್ಟಣದ ಬಳಿ 'ಪಯಣ' ಎಂಬ ಇನ್ನೊಂದು ಸಂಗ್ರಹಾಲಯ ಆರಂಭವಾಯಿತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 2021ರಿಂದ ಸ್ಮಾರಕ ಸಂಗ್ರಹಾಲಯವಾಗಿದೆ, ಕಾರವಾರದ ಕಡಲತೀರದಲ್ಲಿ 'ಚಾಪೆಲ್' ಯುದ್ಧನೌಕೆ ನಿಂತಿದೆ. ಟ್ಯಾಂಕಿಗೂ ವಿಮಾನಕ್ಕೂ ಊರ ಚೌಕದಲ್ಲಿ ಕಟ್ಟೆ ಸಿಗುತ್ತದೆ. ಸುದ್ದಿ ಹೊತ್ತ ಫಟಫಟಿಗೆ ಕಟ್ಟೆ ಕಟ್ಟಿದವರು ಕಡಿಮೆ, ಅದರ ಕಾವಲು ಮನೆಮನೆಯ ಸಂಗ್ರಾಹಕರ ಪಾಲಿಗೇ ಬಂದಿದೆ. ಓಡುವ ಗಾಡಿಗಳನ್ನೇ ನೋಡಬೇಕೆನ್ನುವವರಿಗೆ ಬೆಂಗಳೂರಿನ ಆರ್ಮಿ ಸರ್ವಿಸ್ ಕೋರಿನ 'ಟೊರ್ನಾಡೋಸ್' ತಂಡ ಇದೆ. 2017ರ ನವೆಂಬರ್ 19ರಂದು ಯಲಹಂಕದ ವಾಯುನೆಲೆಯಲ್ಲಿ ಆ ತಂಡದ 58 ಸೈನಿಕರು 500 ಸಿ.ಸಿ.ಯ ಒಂದೇ ಬುಲೆಟ್ಟಿನ ಮೇಲೆ ಏರಿ 1,200 ಮೀಟರು ದೂರ ಸಾಗಿ ವಿಶ್ವದಾಖಲೆ ಮಾಡಿದರು. ಗಾಡಿಯನ್ನು ಓಡಿಸಿದವರು ಸುಬೇದಾರ್ ರಾಮಪಾಲ್ ಯಾದವ್.